ಒಂದು ಸೂಜಿ, ಎರಡು ಕೋಡ್: ಮಕ್ಕಳ ಲಸಿಕೆಯ ಬಿಲ್ಲಿಂಗ್ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದ ಮಕ್ಕಳ ಕ್ಲಿನಿಕ್ಕುಗಳ ಬಿಲ್ಲಿಂಗ್ ಮತ್ತು ಕೋಡಿಂಗ್ ಕೆಲಸದಲ್ಲಿ, ಅಂದರೆ ಕೊಟ್ಟ ಚಿಕಿತ್ಸೆಯನ್ನು ವಿಮಾ ಕಂಪನಿಗಾಗಿ ಸಂಕೇತ ಸಂಖ್ಯೆಗಳಲ್ಲಿ ಬರೆದು ಹಣ ಕೇಳುವ ಕೆಲಸದಲ್ಲಿ, ತೊಡಗಿರುವ ಹಲವು ಓದುಗರು ಈ ಬಾರಿ ವಾಡಿಕೆಯ ಲಸಿಕೆಗಳ ಬಗ್ಗೆಯೇ ಬರೆದಿದ್ದಾರೆ. ಅಲ್ಲಿ ನೆಲೆಸಿರುವ ತಾಯಿಯೊಬ್ಬರ ಪತ್ರವೂ ಬಂದಿದೆ. ಉತ್ತರಗಳೆಲ್ಲವೂ ಅಮೆರಿಕದ ನಿಯಮಗಳಿಗೆ ಸಂಬಂಧಪಟ್ಟವು. ಕೆಲವು ಪ್ರಶ್ನೆಗಳು ಚಿಕ್ಕವಾಗಿದ್ದರೂ ಅವುಗಳ ಹಿಂದಿನ ಗೊಂದಲ ದೊಡ್ಡದಾಗಿರುವುದರಿಂದ ಅಲ್ಲಲ್ಲಿ ವಿಸ್ತಾರವಾಗಿ ಬರೆದಿದ್ದೇನೆ.

ಪ್ರಶ್ನೆ: ಕೋಡಿಂಗ್ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಮಗುವಿಗೆ ಒಂದೇ ಲಸಿಕೆ ಕೊಟ್ಟಿದ್ದರೂ ಎರಡು ಕೋಡ್ ಹಾಕಬೇಕು ಎನ್ನುತ್ತಾರೆ. ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಕೇಳಿದಂತೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ, ಏಕೆಂದರೆ ಅಲ್ಲಿ ನಡೆದಿರುವುದು ಒಂದೇ ಕೆಲಸವಲ್ಲ. ಶೀಶೆಯಲ್ಲಿರುವ ಲಸಿಕೆ ಒಂದು ವಸ್ತು; ಅದನ್ನು ಮಗುವಿಗೆ ಕೊಡುವುದು ಒಂದು ಸೇವೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ನಿರ್ವಹಿಸುವ ಸಿಪಿಟಿ ಎಂಬ ವೈದ್ಯಕೀಯ ಸೇವೆಗಳ ಕೋಡುಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲುಗಳಿವೆ. ದಡಾರ, ಮಂಗನಬಾವು ಮತ್ತು ರುಬೆಲ್ಲಾಗಳ ವಿರುದ್ಧದ ಎಂಎಂಆರ್ ಲಸಿಕೆಗೆ 90707, ಚಿಕನ್‌ಪಾಕ್ಸ್ ಲಸಿಕೆಗೆ 90716, ಏಳು ವರ್ಷದೊಳಗಿನ ಮಕ್ಕಳಿಗೆ ಗಂಟಲಮಾರಿ, ಧನುರ್ವಾಯು ಮತ್ತು ನಾಯಿಕೆಮ್ಮಿನ ವಿರುದ್ಧ ಕೊಡುವ ಡಿಟಿಎಪಿಗೆ 90700 ಎಂಬಂತೆ ವಸ್ತುವಿನ ಕೋಡುಗಳಿರುತ್ತವೆ. ಕೊಡುವ ಕೆಲಸಕ್ಕೆ 90460 ಮತ್ತು 90461 ಎಂಬ ಒಂದು ಜೋಡಿಯೂ, 90471ರಿಂದ 90474ರವರೆಗಿನ ಇನ್ನೊಂದು ಗುಂಪೂ ಇವೆ. ಕಚೇರಿಗಳಲ್ಲಿ ಇವನ್ನು ಅಡ್ಮಿನಿಸ್ಟ್ರೇಶನ್ ಕೋಡ್ ಎನ್ನುತ್ತಾರೆ, ನಾನು ಇಲ್ಲಿ ನೀಡಿಕೆಯ ಕೋಡ್ ಎಂದು ಕರೆಯುತ್ತೇನೆ.

ಖಾಸಗಿ ವಿಮೆಯಿರುವ ಮಕ್ಕಳಿಗಾಗಿ ಕ್ಲಿನಿಕ್ ಸಾಮಾನ್ಯವಾಗಿ ಲಸಿಕೆಯನ್ನು ತನ್ನ ಹಣದಿಂದಲೇ ಮುಂಚಿತವಾಗಿ ಕೊಂಡಿಟ್ಟುಕೊಂಡಿರುತ್ತದೆ. ಆ ಬೆಲೆಯೊಳಗೆ, ಲಸಿಕೆ ತಡೆಯುವ ಪ್ರತಿಯೊಂದು ರೋಗಕ್ಕೆ ಡೋಸಿಗೆ 75 ಸೆಂಟ್‌ನಂತೆ ಕೇಂದ್ರ ಸರ್ಕಾರದ ಅಬಕಾರಿ ತೆರಿಗೆಯೂ ಸೇರಿರುತ್ತದೆ. ಮೂರು ರೋಗಗಳ ಎಂಎಂಆರ್‌ಗೆ ಅದು 2.25 ಡಾಲರ್ ಆಗುತ್ತದೆ, ಮತ್ತು ಆ ಹಣ ಲಸಿಕೆಯಿಂದ ಹಾನಿಗೊಳಗಾದವರಿಗೆ ಪರಿಹಾರ ಕೊಡುವ ನಿಧಿಗೆ ಹೋಗುತ್ತದೆ. ಹೀಗಿರುವಾಗ ವಸ್ತುವಿನ ಸಾಲನ್ನು ನೀವು ಬಿಟ್ಟರೆ ಶೀಶೆಯ ಬೆಲೆಯೇ ಕ್ಲಿನಿಕ್ಕಿಗೆ ಮರಳಿ ಬರುವುದಿಲ್ಲ. ನೀಡಿಕೆಯ ಸಾಲನ್ನು ಬಿಟ್ಟರೆ ವೈದ್ಯರು ತಂದೆತಾಯಿಗೆ ವಿವರಿಸಿದ ಸಮಯ, ನರ್ಸ್ ಚುಚ್ಚುಮದ್ದು ಹಾಕಿದ ಶ್ರಮ ಮತ್ತು ದಾಖಲೆ ಬರೆದ ಕೆಲಸ ಇವಾವುದಕ್ಕೂ ಹಣ ಬರುವುದಿಲ್ಲ. ಸಣ್ಣ ಕ್ಲಿನಿಕ್ಕೊಂದು ಇಂತಹ ನಷ್ಟವನ್ನು ತಿಂಗಳುಗಟ್ಟಲೆ ತಾಳಲಾರದು; ಮುಂದಿನ ಕಂತಿನ ಲಸಿಕೆ ತರಿಸುವುದಕ್ಕೇ ಅದು ಹಿಂದೆಮುಂದೆ ನೋಡುವಂತಾಗುತ್ತದೆ. ಎರಡು ಸಾಲು ಬರೆಯುವಾಗ ನಿಮಗೆ ಅಳುಕು ಬೇಡ.

ಪ್ರಶ್ನೆ: ಸಂಯುಕ್ತ ಲಸಿಕೆಗಳಲ್ಲಿ ಘಟಕಗಳನ್ನು ಎಣಿಸುವಾಗ ಪ್ರತಿ ಸಲವೂ ತಪ್ಪುತ್ತೇನೆ. ಎರಡು ತಿಂಗಳ ಮಗುವಿನ ಒಂದು ಭೇಟಿಯನ್ನು ಉದಾಹರಣೆಯಾಗಿ ಬಿಡಿಸಿ ಹೇಳುವಿರಾ? 20 ತಳಿಗಳ ನ್ಯುಮೊಕಾಕಲ್ ಲಸಿಕೆಗೆ 20 ಘಟಕಗಳೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಲ್ಲ, ಅದಕ್ಕೆ ಒಂದೇ ಘಟಕ. ಸಿಪಿಟಿಯ ಲೆಕ್ಕದಲ್ಲಿ ಘಟಕವೆಂದರೆ ಒಂದು ಜೀವಿಯಿಂದ ಬರುವ ಒಂದು ರೋಗವನ್ನು ತಡೆಯುವ ಪ್ರತಿಜನಕ (ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಅಂಶ) ಎಂದು ಅರ್ಥ. ಅದೇ ಬ್ಯಾಕ್ಟೀರಿಯಾದ ಎಷ್ಟು ತಳಿಗಳು ಶೀಶೆಯೊಳಗಿದ್ದರೂ ಎಣಿಕೆ ಒಂದೇ. ಫ್ಲೂ ಲಸಿಕೆ, ಎಚ್‌ಪಿವಿ ಲಸಿಕೆ, ನಾಲ್ಕು ಗುಂಪುಗಳ ಮೆನಿಂಜೊಕಾಕಲ್ ಲಸಿಕೆ ಇವೆಲ್ಲವೂ ಹೀಗೆಯೇ ಒಂದೊಂದು ಘಟಕದವು.

ಪ್ರತಿಯೊಂದು ಲಸಿಕೆಯ ಮೊದಲನೆಯ ಅಥವಾ ಏಕೈಕ ಘಟಕಕ್ಕೆ 90460, ಅದೇ ಲಸಿಕೆಯ ಉಳಿದ ಪ್ರತಿ ಘಟಕಕ್ಕೆ ಒಂದೊಂದರಂತೆ 90461 ಹಾಕುವುದು ನಿಯಮ. ಎಂಎಂಆರ್‌ಗೆ 90460 ಒಂದು, 90461 ಎರಡು. ಚಿಕನ್‌ಪಾಕ್ಸ್ ಕೂಡ ಸೇರಿರುವ 90710 ಆದರೆ 90461 ಮೂರು.

ಈಗ ಎರಡು ತಿಂಗಳ ಮಗುವಿನ ಭೇಟಿಗೆ ಬರೋಣ. ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಪೋಲಿಯೊ, ಹಿಬ್ (ಮಿದುಳುಪೊರೆಯ ಉರಿಯೂತ ತರುವ ಒಂದು ಬ್ಯಾಕ್ಟೀರಿಯಾ) ಮತ್ತು ಹೆಪಟೈಟಿಸ್ ಬಿ ಆರೂ ಒಂದರಲ್ಲೇ ಇರುವ ವ್ಯಾಕ್ಸೆಲಿಸ್, ಅಂದರೆ 90697. ನ್ಯುಮೊಕಾಕಲ್ 20, ಅಂದರೆ 90677. ಬಾಯಿಗೆ ಹಾಕುವ ಮೂರು ಡೋಸಿನ ರೋಟಾವೈರಸ್, ಅಂದರೆ 90680. ಲಸಿಕೆಗಳು ಮೂರಾದ್ದರಿಂದ 90460 ಮೂರು ಯೂನಿಟ್, ಅಂದರೆ ಮೂರು ಸಲ. ವ್ಯಾಕ್ಸೆಲಿಸ್‌ನ ಉಳಿದ ಐದು ಘಟಕಗಳಿಗೆ 90461 ಐದು ಯೂನಿಟ್. ಬಾಯಿಗೆ ಹಾಕಿದ ಲಸಿಕೆಗೂ 90460 ಸಲ್ಲುತ್ತದೆ, ಏಕೆಂದರೆ ಈ ಜೋಡಿಗೆ ಲಸಿಕೆ ಯಾವ ಮಾರ್ಗದಲ್ಲಿ ಹೋಯಿತು ಎಂಬುದು ಮುಖ್ಯವಲ್ಲ.

ಇನ್ನೊಂದು ಕ್ಲಿನಿಕ್ ಅದೇ ವಯಸ್ಸಿನ ಮಗುವಿಗೆ ಐದು ಘಟಕಗಳ ಪೀಡಿಯಾರಿಕ್ಸ್, ಅಂದರೆ 90723, ಮತ್ತು ಪ್ರತ್ಯೇಕವಾಗಿ ಹಿಬ್ 90648 ಬಳಸುತ್ತದೆ ಎನ್ನಿ. ನ್ಯುಮೊಕಾಕಲ್ ಮತ್ತು ರೋಟಾವೈರಸ್ ಹಿಂದಿನಂತೆಯೇ ಇವೆ. ಆಗ ಲಸಿಕೆಗಳು ನಾಲ್ಕು, ಆದ್ದರಿಂದ 90460 ನಾಲ್ಕು. ಪೀಡಿಯಾರಿಕ್ಸ್‌ನ ಉಳಿದ ನಾಲ್ಕು ಘಟಕಗಳಿಗೆ 90461 ನಾಲ್ಕು. ಎರಡೂ ಕ್ಲಿನಿಕ್ಕುಗಳ ಯೂನಿಟ್‌ಗಳನ್ನು ಕೂಡಿಸಿ ನೋಡಿ: ಅಲ್ಲಿ ಮೂರು ಮತ್ತು ಐದು, ಇಲ್ಲಿ ನಾಲ್ಕು ಮತ್ತು ನಾಲ್ಕು, ಎರಡೂ ಎಂಟು. ಆ ದಿನ ಮಗುವಿಗೆ ಎಂಟು ರೋಗಗಳ ವಿರುದ್ಧ ರಕ್ಷಣೆ ಕೊಡಲಾಯಿತು, ಹಾಗಾಗಿ 90460 ಮತ್ತು 90461ರ ಒಟ್ಟು ಮೊತ್ತವೂ ಎಂಟೇ ಆಗಬೇಕು. ನಾನು ಕ್ಲೇಮ್, ಅಂದರೆ ವಿಮಾ ಕಂಪನಿಗೆ ಹಣದ ಕೋರಿಕೆ, ಕಳಿಸುವ ಮುನ್ನ ಬೆರಳು ಮಡಿಸಿ ಮಾಡುವ ಪರೀಕ್ಷೆ ಇದೊಂದೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕ್ಲಿನಿಕ್ಕಿನ ಕ್ಲೇಮುಗಳಲ್ಲಿ ಸಂಯುಕ್ತ ಲಸಿಕೆಗಳಿಗೆಲ್ಲ 90461 ಒಂದೇ ಯೂನಿಟ್ ಹಾಕುತ್ತಾ ಹೋಗಿದ್ದೆ. ಅವುಗಳನ್ನು ಮತ್ತೆ ತೆಗೆದು ತಿದ್ದಿ ಕಳಿಸಲು ವಾರಗಳೇ ಹಿಡಿದವು. ಅಂದಿನಿಂದ ಈ ಕೂಡಿಕೆಯನ್ನು ಬಿಟ್ಟಿಲ್ಲ.

ಪ್ರಶ್ನೆ: ನಮ್ಮ ಕ್ಲಿನಿಕ್ಕಿನಲ್ಲಿ ಲಸಿಕೆಯ ದಿನ ನರ್ಸ್ ಮಾತ್ರ ಇರುತ್ತಾರೆ. ಅವರು ತಾಯಂದಿರಿಗೆ ಎಲ್ಲವನ್ನೂ ತಾಳ್ಮೆಯಿಂದ ವಿವರಿಸುತ್ತಾರೆ. ಆದರೂ 90460 ಹಾಕಬಾರದು ಎಂದು ನಮ್ಮ ಮೇಲಿನವರು ಹೇಳುತ್ತಾರೆ. ಇದು ನ್ಯಾಯವೇ?

ಉತ್ತರ: ನರ್ಸ್ ಮಾಡುವ ಕೆಲಸದ ಬೆಲೆಯನ್ನು ನಾನು ಕಡಿಮೆ ಮಾಡಲಾರೆ, ಆದರೆ ನಿಮ್ಮ ಮೇಲಿನವರು ಹೇಳಿದ್ದು ಸರಿ. 2011ರ ಜನವರಿಯಲ್ಲಿ ಜಾರಿಗೆ ಬಂದ 90460ರ ವಿವರಣೆಯಲ್ಲಿಯೇ ಎರಡು ಷರತ್ತುಗಳಿವೆ. ಮಗುವಿನ ವಯಸ್ಸು 18 ವರ್ಷ ತುಂಬಿದ ಮೇಲೂ 19ನೆಯ ಹುಟ್ಟುಹಬ್ಬದ ಮುನ್ನಾದಿನದವರೆಗೆ ಇರಬಹುದು, ಅದನ್ನು ದಾಟಿರಬಾರದು. ಮತ್ತು ವೈದ್ಯರು ಅಥವಾ ಸ್ವತಂತ್ರವಾಗಿ ಬಿಲ್ ಮಾಡುವ ಅರ್ಹತೆಯುಳ್ಳ ನರ್ಸ್ ಪ್ರಾಕ್ಟೀಷನರ್, ಫಿಸಿಷಿಯನ್ ಅಸಿಸ್ಟೆಂಟ್ ಮೊದಲಾದವರು ಅದೇ ದಿನ ಮಗುವಿನ ಮನೆಯವರೊಂದಿಗೆ ಮುಖಾಮುಖಿ ಮಾತನಾಡಿ ಲಸಿಕೆಯ ಬಗ್ಗೆ ತಿಳಿಸಿರಬೇಕು. ಚುಚ್ಚುಮದ್ದನ್ನು ನರ್ಸೇ ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ವಿವರಣೆ ಯಾರದು ಎಂಬುದರ ಮೇಲೆಯೇ ಕೋಡ್ ನಿಂತಿದೆ.

ಈ ಷರತ್ತುಗಳಲ್ಲಿ ಒಂದು ತಪ್ಪಿದರೂ 90471ರ ಗುಂಪಿಗೆ ಹೋಗಬೇಕು. ಇಲ್ಲಿ ಘಟಕಗಳ ಎಣಿಕೆಯಿಲ್ಲ, ಲಸಿಕೆಗಳ ಎಣಿಕೆ ಮಾತ್ರ ಇದೆ. ಮೊದಲ ಚುಚ್ಚುಮದ್ದಿಗೆ 90471, ನಂತರದ ಪ್ರತಿ ಚುಚ್ಚುಮದ್ದಿಗೆ 90472. ಬಾಯಿಗೆ ಅಥವಾ ಮೂಗಿಗೆ ಹಾಕುವ ಲಸಿಕೆ ಮೊದಲನೆಯದಾದರೆ 90473, ನಂತರದ್ದಾದರೆ 90474. ಒಂದು ದಿನಕ್ಕೆ ಮೊದಲನೆಯದು ಎಂಬ ಸ್ಥಾನ ಒಂದೇ ಆದ್ದರಿಂದ 90471 ಮತ್ತು 90473 ಒಟ್ಟಿಗೆ ಬರಬಾರದು. ಮೇಲೆ ಹೇಳಿದ ವ್ಯಾಕ್ಸೆಲಿಸ್ ಭೇಟಿಯಲ್ಲಿ ವೈದ್ಯರ ವಿವರಣೆ ಇಲ್ಲದಿದ್ದರೆ 90471, 90472 ಮತ್ತು 90474 ಒಂದೊಂದು ಯೂನಿಟ್ ಆಗುತ್ತದೆ. ಲಸಿಕೆಗಾಗಿ ಮಾತ್ರ ಬಂದ ಮಗುವಿಗೆ ನರ್ಸ್ ಭೇಟಿಯ 99211 ಕೋಡನ್ನು ಇದರ ಜೊತೆಗೆ ಸೇರಿಸುವ ರೂಢಿ ಕೆಲವು ಕಡೆ ಇದೆ, ಅದನ್ನು ನಿಲ್ಲಿಸಿ. ಲಸಿಕೆ ಕೊಡುವುದಕ್ಕೆ ಬೇಕಾದ ನರ್ಸಿನ ಕೆಲಸವೆಲ್ಲ ನೀಡಿಕೆಯ ಕೋಡಿನಲ್ಲಿಯೇ ಅಡಗಿದೆ.

ವೈದ್ಯರು ವಿವರಿಸಿದ್ದೇ ಆದರೆ ಅದು ಚಾರ್ಟಿನಲ್ಲಿ ಕಾಣಬೇಕು. ಯಾವ ಯಾವ ರೋಗಗಳ ಬಗ್ಗೆ ಮಾತನಾಡಿದರು, ಪೋಷಕರು ಏನು ಕೇಳಿದರು ಎಂದು ಎರಡು ಸಾಲಾದರೂ ಇರಲಿ. ಎಲ್ಲ ಮಕ್ಕಳಿಗೂ ಒಂದೇ ಅಚ್ಚಿನ ವಾಕ್ಯ ತಾನಾಗಿ ಬಂದು ಕೂರುವಂತೆ ಸಾಫ್ಟ್‌ವೇರಿನಲ್ಲಿ ಮಾಡಿಟ್ಟರೆ ಲೆಕ್ಕಪರಿಶೋಧಕರು ಅದನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಇದರ ಜೊತೆಗೆ 1986ರ ರಾಷ್ಟ್ರೀಯ ಬಾಲ್ಯ ಲಸಿಕಾ ಹಾನಿ ಕಾಯಿದೆಯ ಪ್ರಕಾರ ಲಸಿಕೆ ಕೊಟ್ಟ ದಿನಾಂಕ, ತಯಾರಕರು, ಲಾಟ್ (ತಯಾರಿಕೆಯ ಬ್ಯಾಚಿನ) ಸಂಖ್ಯೆ, ಕೊಟ್ಟವರ ಹೆಸರು, ಹುದ್ದೆ ಮತ್ತು ವಿಳಾಸ ದಾಖಲಾಗಿರಬೇಕು. ಪೋಷಕರಿಗೆ ಕೊಟ್ಟ ಲಸಿಕೆ ಮಾಹಿತಿ ಪತ್ರದ ಆವೃತ್ತಿಯ ದಿನಾಂಕ ಮತ್ತು ಅದನ್ನು ಕೊಟ್ಟ ದಿನಾಂಕವೂ ಇರಬೇಕು. ಕೋಡರ್‌ಗಳು ಇದನ್ನು ನರ್ಸ್‌ಗಳ ತಲೆನೋವು ಎಂದು ಬಿಟ್ಟುಬಿಡುತ್ತಾರೆ. ಕ್ಲೇಮನ್ನು ವಿಮಾ ಕಂಪನಿ ಪ್ರಶ್ನಿಸಿದಾಗ ನಿಮ್ಮ ಕೈಯಲ್ಲಿ ಉಳಿಯುವುದು ಅದೇ ದಾಖಲೆ.

ಪ್ರಶ್ನೆ: ರೋಗನಿರ್ಣಯದ ಕೋಡುಗಳಲ್ಲಿ ಲಸಿಕೆಯ ಝಡ್ 23 ಮೊದಲು ಬರೆಯಬೇಕೋ, ತಪಾಸಣೆಯ ಝಡ್ 00.129 ಮೊದಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಮಗುವಿನ ವಾಡಿಕೆಯ ಆರೋಗ್ಯ ತಪಾಸಣೆಯ ದಿನವೇ ಲಸಿಕೆ ಕೊಟ್ಟಿದ್ದರೆ ತಪಾಸಣೆಯ ಕೋಡ್ ಮೊದಲು. ರೋಗನಿರ್ಣಯದ ಕೋಡುಗಳ ಐಸಿಡಿ-10-ಸಿಎಂ ಪುಸ್ತಕದಲ್ಲಿ ಝಡ್ 23ರ ಕೆಳಗೆಯೇ ಹಾಗೆ ಸೂಚನೆ ಇದೆ. ಅಸಹಜವಾದುದು ಏನೂ ಕಾಣದಿದ್ದರೆ ಝಡ್ 00.129, ಕಂಡಿದ್ದರೆ ಝಡ್ 00.121 ಮತ್ತು ಕಂಡ ತೊಂದರೆಯ ಕೋಡ್. ಲಸಿಕೆಗಾಗಿಯೇ ಬಂದಿದ್ದರೆ ಝಡ್ 23 ಒಂದೇ ಸಾಕು. 2015ರ ಅಕ್ಟೋಬರ್ 1ಕ್ಕೆ ಮೊದಲು ಹಿಂದಿನ ಆವೃತ್ತಿಯಾದ ಐಸಿಡಿ-9ರಲ್ಲಿ ರೋಗಕ್ಕೊಂದು ಲಸಿಕಾ ಕೋಡ್ ಹುಡುಕಬೇಕಾಗಿತ್ತು. ಈಗ ಯಾವ ಲಸಿಕೆ ಎಂಬುದನ್ನು ಸಿಪಿಟಿ ಕೋಡ್ ಹೇಳುತ್ತದೆ, ರೋಗನಿರ್ಣಯದ ಕಡೆ ಝಡ್ 23 ಒಂದೇ ಎಲ್ಲಕ್ಕೂ ಆಗುತ್ತದೆ. ಪೋಷಕರು ಲಸಿಕೆ ಬೇಡವೆಂದರೆ ಝಡ್ 28.82 ಹಾಕಿ, ಅದನ್ನು ಮರೆಯಬೇಡಿ. ಆ ಮಗುವಿಗೆ ಯಾವ ಕಾರಣಕ್ಕೆ ಲಸಿಕೆ ಆಗಿಲ್ಲ ಎಂಬುದು ಮುಂದಿನ ಭೇಟಿಯ ವೈದ್ಯರಿಗೆ ತಿಳಿಯುವುದು ಅದರಿಂದ.

ತಪಾಸಣೆಯ ಕೋಡಿಗೆ 25 ಎಂಬ ಮಾಡಿಫೈಯರ್, ಅಂದರೆ ಕೋಡಿನ ಕೊನೆಗೆ ಬರುವ ಹೆಚ್ಚುವರಿ ಗುರುತು, ಸೇರಿಸುವುದೂ ಇದರೊಂದಿಗೆ ಬರುವ ವಿಷಯ. ಕ್ಲಿನಿಕ್ಕಿಗೆ ಈಗಾಗಲೇ ಬರುತ್ತಿರುವ ಒಂದು ವರ್ಷದೊಳಗಿನ ಮಗುವಿಗೆ 99391, ಒಂದರಿಂದ ನಾಲ್ಕು ವರ್ಷದವರಿಗೆ 99392 ಹೀಗೆ ಬರುವ ತಪಾಸಣೆಯ ಕೋಡುಗಳು ನೀಡಿಕೆಯ ಕೋಡುಗಳ ಜೊತೆ ಒಂದೇ ದಿನ ಬಂದಾಗ, ತಪಾಸಣೆಯು ಪ್ರತ್ಯೇಕವಾದ ಗಣನೀಯ ಕೆಲಸವಾಗಿತ್ತು ಎಂದು 25 ಹೇಳುತ್ತದೆ. ಅದಿಲ್ಲದಿದ್ದರೆ ವಿಮಾ ಕಂಪನಿಯ ಕಂಪ್ಯೂಟರೇ ಒಂದು ಸಾಲನ್ನು ಕತ್ತರಿಸಿಬಿಡುತ್ತದೆ.

ಪ್ರಶ್ನೆ: ನನ್ನ ಮಗಳ ಒಂದು ವರ್ಷದ ತಪಾಸಣೆಗೆ ಹೋಗಿದ್ದೆವು. ಮೂರು ಲಸಿಕೆ ಹಾಕಿದರು. ಕಿವಿ ಎಳೆದುಕೊಳ್ಳುತ್ತಾಳೆ ಎಂದು ಹೇಳಿದ್ದಕ್ಕೆ ವೈದ್ಯರು ನೋಡಿ ಸೋಂಕಿದೆ ಎಂದು ಔಷಧಿ ಬರೆದರು. ಮಕ್ಕಳ ಲಸಿಕೆಗೆ ಹಣ ಕೊಡಬೇಕಾಗಿಲ್ಲ ಎಂದು ಎಲ್ಲರೂ ಹೇಳಿದ್ದರು, ಆದರೆ ತಿಂಗಳ ನಂತರ ಬಿಲ್ ಬಂದಿದೆ. ನಮ್ಮನ್ನು ಮೋಸ ಮಾಡಿದ್ದಾರೆಯೇ?

ಉತ್ತರ: ತಾಯೀ, ನೀವು ಬರೆದದ್ದನ್ನು ನೋಡಿದರೆ ಮೋಸ ಆಗಿರಲಿಕ್ಕಿಲ್ಲ, ಆದರೆ ನಿಮಗೆ ಮುಂಚೆಯೇ ಹೇಳಬೇಕಾಗಿದ್ದುದನ್ನು ಯಾರೂ ಹೇಳಿಲ್ಲ. ಅದು ಸಣ್ಣ ತಪ್ಪಲ್ಲ.

ಅಮೆರಿಕದ ಆರೋಗ್ಯ ಸುಧಾರಣಾ ಕಾಯಿದೆಯ ಪ್ರಕಾರ, 2010ರ ಸೆಪ್ಟೆಂಬರ್ 23ರಿಂದ ಈಚೆಗೆ ಆರಂಭವಾದ ವಿಮಾ ವರ್ಷಗಳಲ್ಲಿ, ಮಕ್ಕಳಿಗೆ ಶಿಫಾರಸಾದ ವಾಡಿಕೆಯ ಲಸಿಕೆಗಳನ್ನು ಮತ್ತು ತಪಾಸಣೆಗಳನ್ನು ವಿಮಾ ಕಂಪನಿಯ ಜಾಲದೊಳಗಿನ ವೈದ್ಯರಲ್ಲಿ ಮಾಡಿಸಿದರೆ ಕೋ-ಪೇ (ಭೇಟಿಗೆ ನೀವು ಕೊಡುವ ನಿಗದಿತ ಪಾಲು), ಡಿಡಕ್ಟಿಬಲ್ (ವಿಮೆ ಕೊಡಲು ಆರಂಭಿಸುವ ಮುನ್ನ ನೀವೇ ಕಟ್ಟಬೇಕಾದ ಮೊತ್ತ) ಯಾವುದನ್ನೂ ಕೇಳುವಂತಿಲ್ಲ. ಆದರೆ ಕಿವಿಯ ಸೋಂಕಿನ ಚಿಕಿತ್ಸೆ ತಪಾಸಣೆಯ ಭಾಗವಲ್ಲ. ವೈದ್ಯರು ಅದಕ್ಕಾಗಿ ಪ್ರತ್ಯೇಕವಾಗಿ ಗಣನೀಯ ಕೆಲಸ ಮಾಡಿದ್ದರೆ 99392ರ ಜೊತೆಗೆ 99213ರಂತಹ ಅನಾರೋಗ್ಯದ ಭೇಟಿಯ ಕೋಡನ್ನೂ ಹಾಕಬಹುದು, ಮತ್ತು ಆ ಒಂದು ಸಾಲಿಗೆ ನಿಮ್ಮ ವಿಮೆಯ ಪ್ರಕಾರ ಕೋ-ಪೇ ಬರಬಹುದು. ನಿಮ್ಮ ಬಿಲ್ ಬಹುಶಃ ಅದೇ ಇರಬೇಕು.

ಬಹುಶಃ ಎಂದದ್ದು ಏಕೆಂದರೆ ಬೇರೆ ಕಾರಣಗಳೂ ಇರಬಹುದು, ನೀವೇ ನೋಡಿಕೊಳ್ಳಿ. ವಿಮಾ ಕಂಪನಿಯಿಂದ ಇಒಬಿ ಎಂಬ ವಿವರಣಾ ಪತ್ರ ಬಂದಿರುತ್ತದೆ. ಅದರಲ್ಲಿ 90707, 90716, 90633 ಇವು ಎಂಎಂಆರ್, ಚಿಕನ್‌ಪಾಕ್ಸ್ ಮತ್ತು ಹೆಪಟೈಟಿಸ್ ಎ ಲಸಿಕೆಗಳ ಸಾಲುಗಳು. 90460, 90461 ಅಥವಾ 90471, 90472 ನೀಡಿಕೆಯವು. ಇವುಗಳ ಮುಂದೆ ಮತ್ತು 99392ರ ಮುಂದೆ ನೀವು ಕೊಡಬೇಕಾದ ಮೊತ್ತ ಸೊನ್ನೆ ಎಂದಿರಬೇಕು. ಹಣ 99213ರ ಮುಂದೆ ಮಾತ್ರ ಇದ್ದರೆ ಬಿಲ್ ನಿಯಮಬದ್ಧ. ಲಸಿಕೆಯ ಸಾಲಿನ ಮುಂದೆಯೇ ಹಣವಿದ್ದರೆ ಸುಮ್ಮನೆ ಕಟ್ಟಬೇಡಿ. ಕ್ಲಿನಿಕ್ಕಿಗೆ ಕರೆ ಮಾಡಿ, ಲಸಿಕೆಯ ಸಾಲುಗಳು ಯಾವ ರೋಗನಿರ್ಣಯದ ಕೋಡಿಗೆ ಜೋಡಣೆಯಾಗಿವೆ ಎಂದು ಕೇಳಿ. ಝಡ್ 23ಕ್ಕೆ ಬದಲು ಕಿವಿಯ ಸೋಂಕಿನ ಕೋಡಿಗೆ ಜೋಡಿಸಿದ್ದರೆ ವಿಮಾ ಕಂಪನಿಯ ಯಂತ್ರ ಅದನ್ನು ಚಿಕಿತ್ಸೆ ಎಂದೇ ಓದುತ್ತದೆ. ಇಂತಹ ತಪ್ಪನ್ನು ತಿದ್ದಿದ ಕ್ಲೇಮ್ ಕಳಿಸಿ ಸರಿಪಡಿಸುವುದು ಕ್ಲಿನಿಕ್ಕಿನ ಹೊಣೆ. ವೈದ್ಯರು ನಿಮ್ಮ ವಿಮೆಯ ಜಾಲದಲ್ಲಿಲ್ಲದಿದ್ದರೆ, ಅಥವಾ ನಿಮ್ಮ ವಿಮೆ 2010ರ ಮಾರ್ಚ್ 23ಕ್ಕೂ ಮೊದಲಿನಿಂದ ಬದಲಾಗದೆ ಉಳಿದ ಹಳೆಯ ಮಾದರಿಯದಾಗಿದ್ದರೆ ಈ ರಕ್ಷಣೆ ಅನ್ವಯಿಸುವುದಿಲ್ಲ. ವಿಮಾ ಕಂಪನಿಯೇ ನಿರಾಕರಿಸಿದ್ದರೆ ನಿರಾಕರಣೆಯ ಪತ್ರ ಬಂದ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಇದನ್ನು ಓದುವ ಇತರ ತಾಯಂದಿರಿಗೆ ಒಂದು ಮಾತು: ಮಗು ಹುಟ್ಟಿದ 30 ದಿನಗಳೊಳಗೆ ಉದ್ಯೋಗದಾತರ ವಿಮೆಗೆ ಅದರ ಹೆಸರು ಸೇರಿಸಲು ಅರ್ಜಿ ಕೊಡಿ. ಬಾಣಂತನದ ಆಯಾಸದಲ್ಲಿ ಈ ಅವಧಿ ತಪ್ಪಿಹೋಗುವುದುಂಟು, ಆಗ ಮೊದಲ ತಿಂಗಳುಗಳ ಲಸಿಕೆಯ ಬಿಲ್ ಪೂರ್ತಿಯಾಗಿ ಮನೆಗೇ ಬರಬಹುದು.

ಪ್ರಶ್ನೆ: ಎನ್‌ಡಿಸಿ, ಅಂದರೆ ಪ್ರತಿ ಔಷಧಿಯ ಪೊಟ್ಟಣಕ್ಕಿರುವ ಗುರುತಿನ ಸಂಖ್ಯೆ, ತಪ್ಪಾಗಿದೆ ಎಂದು ಕ್ಲೇಮುಗಳು ಹಿಂತಿರುಗುತ್ತಿವೆ. ಪೆಟ್ಟಿಗೆಯ ಮೇಲಿರುವುದನ್ನೇ ಬರೆದಿದ್ದೇವೆ.

ಉತ್ತರ: ಪೆಟ್ಟಿಗೆಯ ಮೇಲಿರುವುದು 10 ಅಂಕಿ, ಕ್ಲೇಮಿಗೆ ಬೇಕಾದದ್ದು 11. ಐದು, ನಾಲ್ಕು, ಎರಡು ಎಂಬ ಕ್ರಮಕ್ಕೆ ತರಬೇಕು. ಮೂರು ಭಾಗಗಳಲ್ಲಿ ಯಾವುದು ಒಂದಂಕಿ ಕಡಿಮೆಯಿದೆಯೋ ಆ ಭಾಗದ ಮುಂದೆ ಒಂದು ಸೊನ್ನೆ ಸೇರಿಸಿ, ಅಡ್ಡಗೆರೆಗಳನ್ನು ತೆಗೆದು, ಎಲ್ಲಕ್ಕೂ ಮುಂದೆ ಎನ್4 ಎಂದು ಬರೆಯಿರಿ. ಸೊನ್ನೆಯನ್ನು ಕೊನೆಗೆ ಸೇರಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು. ಶೀಶೆಯ ಮೇಲಿನ ಸಂಖ್ಯೆಗೂ ಹೊರಪೆಟ್ಟಿಗೆಯ ಸಂಖ್ಯೆಗೂ ವ್ಯತ್ಯಾಸವಿರುವುದರಿಂದ ಯಾವುದು ಬೇಕು ಎಂದು ಆಯಾ ವಿಮಾ ಕಂಪನಿಯ ಸೂಚನೆ ನೋಡಿಕೊಳ್ಳಿ.

ಪ್ರಶ್ನೆ: ಶಿಶುಗಳಿಗೆ, ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ವೈರಸ್ಸಿನ ವಿರುದ್ಧ ಕೊಡುವ ನಿರ್ಸೆವಿಮ್ಯಾಬ್‌ಗೂ 90460 ಹಾಕಬಹುದೇ?

ಉತ್ತರ: ಹಾಕಬಾರದು. ಅದು ಲಸಿಕೆಯಲ್ಲ, ಸಿದ್ಧ ಪ್ರತಿಕಾಯ. ಔಷಧಿಗೆ ಪ್ರಮಾಣಕ್ಕೆ ತಕ್ಕಂತೆ 90380 ಅಥವಾ 90381. ವೈದ್ಯರ ವಿವರಣೆಯೊಂದಿಗೆ ಕೊಟ್ಟರೆ 96380, ಇಲ್ಲದಿದ್ದರೆ 96381. ರೋಗನಿರ್ಣಯಕ್ಕೆ ಝಡ್ 23 ಅಲ್ಲ, ಝಡ್ 29.11.

ಪ್ರಶ್ನೆ: ಸರ್ಕಾರ ಉಚಿತವಾಗಿ ಕೊಟ್ಟ ವಿಎಫ್‌ಸಿ ಲಸಿಕೆಗೆ ಬಿಲ್ ಏಕೆ ಕಳಿಸಬೇಕು? ಬಡ ಮಕ್ಕಳ ಹೆಸರಿನಲ್ಲಿ ಹಣ ಕೇಳುವುದು ಮನಸ್ಸಿಗೆ ಒಗ್ಗುತ್ತಿಲ್ಲ.

ಉತ್ತರ: ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ವ್ಯಾಕ್ಸಿನ್ಸ್ ಫಾರ್ ಚಿಲ್ಡ್ರನ್ ಎಂಬ ಈ ಯೋಜನೆ ಹೇಗೆ ಹುಟ್ಟಿತು ಎಂದು ತಿಳಿದರೆ ಅದರ ಬಿಲ್ಲಿಂಗ್ ನಿಯಮಗಳೂ ಅರ್ಥವಾಗುತ್ತವೆ. 1989ರಿಂದ 1991ರವರೆಗೆ ಅಮೆರಿಕದಲ್ಲಿ ದಡಾರ ಮತ್ತೆ ಹಬ್ಬಿ ಸುಮಾರು 55,000 ಜನರಿಗೆ ತಗುಲಿತು, ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಿಸಿ ನೋಡಿದಾಗ ಕಾಯಿಲೆ ಬಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಲಸಿಕೆ ಆಗಿರಲಿಲ್ಲ. ಅವರಲ್ಲಿ ಅನೇಕರು ವೈದ್ಯರ ಬಳಿಗೆ ಬಂದು ಹೋಗಿದ್ದರೂ ಆಗಿರಲಿಲ್ಲ. 1993ರಲ್ಲಿ ಕಾಯಿದೆಯಾಗಿ 1994ರ ಅಕ್ಟೋಬರ್‌ನಲ್ಲಿ ಯೋಜನೆ ಆರಂಭವಾಯಿತು. 19 ವರ್ಷದೊಳಗಿನ ಮಕ್ಕಳಲ್ಲಿ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ) ಅರ್ಹತೆಯುಳ್ಳವರು, ವಿಮೆಯಿಲ್ಲದವರು, ಅಮೆರಿಕನ್ ಇಂಡಿಯನ್ ಅಥವಾ ಅಲಾಸ್ಕಾ ಮೂಲನಿವಾಸಿಗಳು ಇದಕ್ಕೆ ಅರ್ಹರು. ವಿಮೆಯಿದ್ದೂ ಲಸಿಕೆಗೆ ರಕ್ಷಣೆಯಿಲ್ಲದವರು ಗೊತ್ತುಪಡಿಸಿದ ಆರೋಗ್ಯ ಕೇಂದ್ರಗಳಲ್ಲಿ ಪಡೆಯಬಹುದು.

ಶೀಶೆ ಸರ್ಕಾರದ್ದು, ಆದ್ದರಿಂದ ಅದರ ಬೆಲೆ ಯಾರಿಂದಲೂ ಕೇಳುವಂತಿಲ್ಲ. ಕೊಡುವ ಶ್ರಮ ಕ್ಲಿನಿಕ್ಕಿನದು, ಅದಕ್ಕೆ ರಾಜ್ಯವಾರು ನಿಗದಿಯಾದ ಮಿತಿಯೊಳಗೆ ಶುಲ್ಕವಿದೆ. ಮೆಡಿಕೇಡ್ ಮಕ್ಕಳಿಗೆ ಅದನ್ನು ಮೆಡಿಕೇಡ್ ಕೊಡುತ್ತದೆ. ಅನೇಕ ರಾಜ್ಯಗಳು ಲಸಿಕೆಯ ಕೋಡನ್ನು ಸೊನ್ನೆ ಅಥವಾ ಒಂದು ಸೆಂಟ್ ಬೆಲೆಯೊಂದಿಗೆ, ರಾಜ್ಯ ಪೂರೈಸಿದ್ದು ಎಂದು ಹೇಳುವ ಎಸ್‌ಎಲ್ ಮಾಡಿಫೈಯರ್ ಸೇರಿಸಿ ಬರೆಯಲು ಕೇಳುತ್ತವೆ. ಕೆಲವು ಬೇರೆ ರೀತಿ ಕೇಳುತ್ತವೆ, ಆದ್ದರಿಂದ ನಿಮ್ಮ ರಾಜ್ಯದ ಮೆಡಿಕೇಡ್ ಕೈಪಿಡಿಯೇ ಇಲ್ಲಿ ಕೊನೆಯ ಮಾತು. ವಿಎಫ್‌ಸಿಯಲ್ಲಿ ಶುಲ್ಕ ಲಸಿಕೆಗೊಂದರಂತೆ ಸಿಗುತ್ತದೆ, ಘಟಕಕ್ಕೊಂದರಂತೆ ಅಲ್ಲ. ಹೀಗಾಗಿ 90461ಕ್ಕೆ ಹಣ ಬಾರದಿದ್ದರೆ ಅದನ್ನು ನಿರಾಕರಣೆ ಎಂದು ಬೆನ್ನಟ್ಟಿ ಸಮಯ ಕಳೆಯಬೇಡಿ. ಸರ್ಕಾರಿ ಲಸಿಕೆಯನ್ನೂ ಖಾಸಗಿ ಲಸಿಕೆಯನ್ನೂ ಫ್ರಿಜ್ಜಿನಲ್ಲಿ ಬೇರೆ ಬೇರೆ ಗುರುತಿಸಿಡುವುದು ನಿಮ್ಮ ಕೆಲಸವಲ್ಲ ಎನಿಸಬಹುದು. ಆದರೆ ಚಾರ್ಟಿನಲ್ಲಿರುವ ಲಾಟ್ ಸಂಖ್ಯೆ ಯಾವ ದಾಸ್ತಾನಿನದು ಎಂದು ತಿಳಿಯದೆ ನೀವು ಸರಿಯಾದ ಬಿಲ್ ಬರೆಯಲಾರಿರಿ.

ವಿಮೆಯಿಲ್ಲದ ಮಕ್ಕಳ ವಿಷಯದಲ್ಲಿ ನೀವು ಎಚ್ಚರ ವಹಿಸಬೇಕಾದ ಜಾಗ ಇನ್ನೊಂದಿದೆ. ಮನೆಯವರ ಕೈಯಲ್ಲಿ ನೀಡಿಕೆಯ ಶುಲ್ಕ ಇಲ್ಲವೆಂದು ಲಸಿಕೆ ಹಾಕದೆ ಕಳಿಸುವಂತಿಲ್ಲ. ಲಸಿಕೆ ಹಾಕಿದ 90 ದಿನಗಳೊಳಗೆ ಒಂದೇ ಒಂದು ಬಿಲ್ ಕಳಿಸಬಹುದು. ಅವರು ಕಟ್ಟದಿದ್ದರೆ ಅದನ್ನು ವಸೂಲಿ ಏಜೆನ್ಸಿಗೆ ಒಪ್ಪಿಸುವಂತಿಲ್ಲ. ಆದರೆ ಹಲವು ಕ್ಲಿನಿಕ್ಕುಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಬಾಕಿಯಿರುವ ಪ್ರತಿ ಖಾತೆಗೂ ತಿಂಗಳಿಗೊಮ್ಮೆ ತಾನಾಗಿ ನೆನಪಿನ ಪತ್ರ ಕಳಿಸುತ್ತಾ, ಕೊನೆಗೆ ವಸೂಲಿಯ ಪಟ್ಟಿಗೆ ಸೇರಿಸಿಬಿಡುತ್ತದೆ. ನಾಳೆ ಕೆಲಸಕ್ಕೆ ಹೋದ ಕೂಡಲೇ ವಿಎಫ್‌ಸಿ ಖಾತೆಗಳನ್ನು ಆ ಸರದಿಯಿಂದ ಹೊರಗಿಡಲಾಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅಂದೇ ಹೊರಗಿಡಿಸಿ.